ಕೊನೆಯ ಇನಿಂಗ್ಸ್‌ನಲ್ಲಿ ಪಿಚರ್ ತಡ ಮಾಡಿದ, ನಾನು ಬಾಲ್ ಕೊಟ್ಟೆ. ತಪ್ಪಾಯಿತೇ?

ಪ್ರಶ್ನೆ: ನಾನು ಬೆಂಗಳೂರಿನ ಜಯನಗರದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮೊದಲು ಸಾಫ್ಟ್‌ಬಾಲ್ ಆಡಿಸುತ್ತಿದ್ದೆ, ಈಗ ಬೇಸ್‌ಬಾಲ್ ಕೂಡ ಆಡಿಸುತ್ತೇನೆ. ಈಚೆಗೆ 14 ವರ್ಷದೊಳಗಿನ ಮಕ್ಕಳ ಪಂದ್ಯಾವಳಿಯಲ್ಲಿ ಪ್ಲೇಟ್ ಅಂಪೈರ್ (ಬ್ಯಾಟರ್ ಹಿಂದೆ ನಿಲ್ಲುವ ಅಂಪೈರ್) ಆಗಿ ನಿಂತಿದ್ದೆ. ಕೈಗೆ ಚೆಂಡು ಬಂದ 20 ಸೆಕೆಂಡಿನೊಳಗೆ ಪಿಚರ್ (ಚೆಂಡು ಎಸೆಯುವವನು) ಎಸೆತ ಶುರು ಮಾಡಬೇಕು, ಇಲ್ಲದಿದ್ದರೆ ಬ್ಯಾಟರ್‌ಗೆ ಒಂದು ಬಾಲ್ (ಅವನ ಪರ ಒಂದು ಎಣಿಕೆ) ಅಂತ ಆಯೋಜಕರ ನಿಯಮ. ಮೈದಾನದಲ್ಲಿ ಗಡಿಯಾರ ಇರಲಿಲ್ಲ. ನನ್ನ ಕೈಯಲ್ಲಿ ಒಂದು ಸ್ಟಾಪ್‌ವಾಚ್ ಇತ್ತು, ಅಷ್ಟೇ. ಪಂದ್ಯದ ಮಧ್ಯೆ ಎರಡು ಮೂರು ಸಲ ‘ಬೇಗ ಬೇಗ’ ಅಂತ ಹೇಳಿದ್ದೆ. ಏಳನೇ ಇನಿಂಗ್ಸ್‌ನ ಕೊನೆ ಭಾಗ. ಸ್ಕೋರ್ ಸಮ, ಮೂರೂ ಬೇಸ್ ತುಂಬಿವೆ, ಇಬ್ಬರು ಔಟ್, ಮೂರು ಬಾಲ್ ಎರಡು ಸ್ಟ್ರೈಕ್. ಹುಡುಗ ಚೆಂಡು ಹಿಡಿದು ನಿಂತೇ ಇದ್ದ. 20 ಸೆಕೆಂಡ್ ದಾಟಿತು. ನಾನು ಬಾಲ್ ಕೊಟ್ಟೆ. ಅದು ನಾಲ್ಕನೆಯದು, ರನ್ ಬಂತು, ಪಂದ್ಯ ಮುಗಿಯಿತು. ಹುಡುಗ ಅಲ್ಲೇ ಕೂತು ಅತ್ತ. ಅವನ ಕೋಚ್ ಬಂದು, ‘ಸರ್, ಆರು ಇನಿಂಗ್ಸ್ ಸುಮ್ನೆ ಇದ್ರಿ, ಈಗ ಯಾಕೆ ನೆನಪಾಯ್ತು?’ ಅಂದರು. ಆಮೇಲೆ ಒಬ್ಬ ಹಿರಿಯ ಅಂಪೈರ್, ‘ಇಂಥ ಸಣ್ಣ ನಿಯಮ ಎಲ್ಲ ಹಿಡ್ಕೊಂಡು ಕೂರಬಾರದು’ ಅಂದರು. ಇನ್ನೊಬ್ಬರು, ‘ರೂಲ್ ಅಂದ್ರೆ ರೂಲ್, ನೀವು ಮಾಡಿದ್ದೇ ಸರಿ’ ಅಂದರು. ನನಗೆ ಸಮಾಧಾನ ಇಲ್ಲ. ಇಂಥ ನಿಯಮವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು?

ಉತ್ತರ:

ನಮಸ್ಕಾರ ಮೇಷ್ಟ್ರೇ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಅವತ್ತು ಮಾಡಿದ್ದು ಸರಿಯೇ ಅನ್ನೋದು ಒಂದು. ಮುಂದಿನ ಸಲ ಏನು ಮಾಡಲಿ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ನಿಯಮದ ಪ್ರಕಾರ ನಿಮ್ಮ ತೀರ್ಪು ಸರಿ. ಆದರೆ ಆ ಕೋಚ್ ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಸಮಯದ ನಿಯಮವನ್ನು ಮೊದಲ ಇನಿಂಗ್ಸ್‌ನಿಂದ ಹಿಡಿದ ಅಂಪೈರ್ ಕೊನೆಯ ಎಸೆತದಲ್ಲೂ ಹಿಡಿಯಬೇಕು. ಅಲ್ಲಿವರೆಗೆ ಬಿಟ್ಟವರು ಅದನ್ನು ಮೊದಲ ಸಲ ತೆಗೆಯುವ ಜಾಗ ಕೊನೆಯ ಎಸೆತ ಅಲ್ಲ. ಇದು ಬೆಂಗಳೂರಿನ ಮೈದಾನಗಳಲ್ಲಿ ಕ್ರಿಕೆಟ್, ಸಾಫ್ಟ್‌ಬಾಲ್, ಬೇಸ್‌ಬಾಲ್ ಮೂರಕ್ಕೂ ಅಂಪೈರ್ ಆಗಿ ನಿಂತು ನಾನು ಕಂಡುಕೊಂಡ ಮಾತು. ಹೀಗೆ ಯಾಕೆ ಹೇಳುತ್ತೇನೆ ಅಂತ ವಿವರಿಸುತ್ತೇನೆ.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಪಿಚರ್ ಎಸೆದ ಚೆಂಡು ಸ್ಟ್ರೈಕ್ ವಲಯದ ಹೊರಗೆ ಹೋಗಿ, ಬ್ಯಾಟರ್ ಬೀಸದಿದ್ದರೆ ಅದು ‘ಬಾಲ್’. ವಲಯದೊಳಗೆ ಬಂದರೆ ಅಥವಾ ಬ್ಯಾಟರ್ ಬೀಸಿ ತಪ್ಪಿದರೆ ‘ಸ್ಟ್ರೈಕ್’. ನಾಲ್ಕು ಬಾಲ್ ಆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋಗುತ್ತಾರೆ. ಮೂರು ಸ್ಟ್ರೈಕ್ ಆದರೆ ಔಟ್. ಮೂರೂ ಬೇಸ್ ತುಂಬಿದ್ದಾಗ ನಾಲ್ಕನೇ ಬಾಲ್ ಬಂದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗಬೇಕು, ಒಬ್ಬ ಬೇಸ್‌ಗಳನ್ನೆಲ್ಲ ಸುತ್ತಿ ‘ಹೋಮ್’, ಅಂದರೆ ಬ್ಯಾಟರ್ ನಿಲ್ಲುವ ಪ್ಲೇಟ್ ಮುಟ್ಟುತ್ತಾನೆ, ರನ್ ಸಿಗುತ್ತದೆ. ಮೇಷ್ಟ್ರ ಪಂದ್ಯದಲ್ಲಿ ಆಗಿದ್ದು ಇದೇ. ಚೆಂಡು ಎಸೆಯದೆಯೇ ಪಂದ್ಯ ಮುಗಿಯಿತು.

ಈಗ ನಿಮ್ಮ ಹಿರಿಯ ಅಂಪೈರ್ ಹೇಳಿದ ಮಾತಿಗೆ ಬರೋಣ. ‘ಇದೆಲ್ಲ ಹೊಸ ಕಾಲದ ಸಣ್ಣ ನಿಯಮ, ಬೇಸ್‌ಬಾಲ್‌ಗೆ ಗಡಿಯಾರ ಇಲ್ಲ’ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅದು ಪೂರ್ತಿ ನಿಜ ಅಲ್ಲ. ಬೇಸ್‌ನಲ್ಲಿ ಯಾರೂ ಇಲ್ಲದಾಗ ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲದಿದ್ದರೆ ಬಾಲ್ ಅನ್ನೋ ನಿಯಮ ಅಮೆರಿಕದ ಬೇಸ್‌ಬಾಲ್ ಪುಸ್ತಕದಲ್ಲಿ ಬಹಳ ಹಿಂದಿನಿಂದಲೂ ಇತ್ತು. 2007ರಲ್ಲಿ ಆ ಮಿತಿಯನ್ನು 20 ಸೆಕೆಂಡಿನಿಂದ 12ಕ್ಕೆ ಇಳಿಸಿದರು. ಆದರೆ ಮೈದಾನದಲ್ಲಿ ಅದಕ್ಕಾಗಿ ಬಾಲ್ ಕೊಟ್ಟಿದ್ದು ತೀರ ಅಪರೂಪ. ಅಂಪೈರ್‌ಗಳು ಕೈ ಬೀಸಿ ಆಡಿಸಿದರು, ಪಿಚರ್‌ಗಳು ತಾವು ನಿಂತು ಎಸೆಯುವ ದಿಬ್ಬದ ಸುತ್ತ ಒಂದು ಸುತ್ತು ಹಾಕಿ, ಟೋಪಿ ಸರಿಮಾಡಿಕೊಂಡು, ಬೆರಳಿಗೆ ಪುಡಿ ಹಚ್ಚಿ ಎಸೆದರು. ಬ್ಯಾಟರ್‌ಗಳು ಪ್ರತಿ ಎಸೆತ ಆದಮೇಲೆ ತಾವು ನಿಲ್ಲುವ ಬಾಕ್ಸ್‌ನಿಂದ ಹೊರಗೆ ಬಂದು ಗ್ಲೌಸ್ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಒಂದು ಕಾಲಾದರೂ ಬಾಕ್ಸ್‌ನೊಳಗೆ ಇರಬೇಕು ಅನ್ನೋ ನಿಯಮವೂ ಪುಸ್ತಕದಲ್ಲೇ ಉಳಿಯಿತು. ಫಲಿತಾಂಶ ಏನು? 2021ರಲ್ಲಿ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂಬತ್ತು ಇನಿಂಗ್ಸ್‌ನ ಪಂದ್ಯ ಸರಾಸರಿ 3 ಗಂಟೆ 10 ನಿಮಿಷ ನಡೆಯಿತು.

2023ರಲ್ಲಿ ಅವರು ಮೈದಾನದಲ್ಲೇ ಎಲ್ಲರಿಗೂ ಕಾಣುವ ಹಾಗೆ ಗಡಿಯಾರ ಇಟ್ಟರು. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ರನ್ನರ್ ಇದ್ದರೆ 20 ಸೆಕೆಂಡ್. ಮುಂದಿನ ವರ್ಷ ಆ 20 ಅನ್ನು 18ಕ್ಕೆ ಇಳಿಸಿದರು. ಗಡಿಯಾರ 8 ಸೆಕೆಂಡ್ ಉಳಿದಿದೆ ಅಂತ ತೋರಿಸುವಷ್ಟರಲ್ಲಿ ಬ್ಯಾಟರ್ ಬಾಕ್ಸ್‌ನಲ್ಲಿ ನಿಂತು ಪಿಚರ್ ಕಡೆ ನೋಡುತ್ತಿರಬೇಕು. ಒಬ್ಬ ಬ್ಯಾಟರ್ ತನ್ನ ಸರದಿಯಲ್ಲಿ ಒಂದೇ ಸಲ ‘ಟೈಮ್’ ಕೇಳಬಹುದು. ಪಿಚರ್ ತಪ್ಪಿದರೆ ಒಂದು ಬಾಲ್, ಬ್ಯಾಟರ್ ತಪ್ಪಿದರೆ ಒಂದು ಸ್ಟ್ರೈಕ್. 2022ರಲ್ಲಿ 3 ಗಂಟೆ 4 ನಿಮಿಷ ಇದ್ದ ಸರಾಸರಿ, 2023ರಲ್ಲಿ 2 ಗಂಟೆ 40 ನಿಮಿಷಕ್ಕೆ ಬಂತು. ಆಟದ ಮೂಲ ಸ್ವರೂಪ ಹಾಗೇ ಇತ್ತು. ಒಂಬತ್ತು ಇನಿಂಗ್ಸ್, ಇಪ್ಪತ್ತೇಳು ಔಟ್. ಆ ಇಪ್ಪತ್ತನಾಲ್ಕು ನಿಮಿಷದಲ್ಲಿ ಬಹುಪಾಲು ಸಿಕ್ಕಿದ್ದು ಎಸೆತಗಳ ನಡುವೆ ಸತ್ತ ಹೊತ್ತಿನಲ್ಲೇ. ಹಾಗಾಗಿ ಇದನ್ನು ಸಣ್ಣ ನಿಯಮ ಅಂತ ಕರೆಯೋಕೆ ನನಗೆ ಮನಸ್ಸು ಬರುವುದಿಲ್ಲ. ಒಂದೊಂದು ಸಲ ನೋಡಿದರೆ ಐದಾರು ಸೆಕೆಂಡ್. ಪಂದ್ಯವಿಡೀ ಸೇರಿಸಿದರೆ ಆಟದ ರುಚಿಯನ್ನೇ ಬದಲಿಸುವಷ್ಟು.

ಇನ್ನು ‘ರೂಲ್ ಅಂದ್ರೆ ರೂಲ್’ ಅಂದವರ ಮಾತು. ಅವರು ಅಮೆರಿಕದ ಉದಾಹರಣೆ ಕೊಟ್ಟಿರಬಹುದು. ನಿಮ್ಮ ಪಂದ್ಯದಲ್ಲಿ ಆದಂಥದ್ದೇ ಅಲ್ಲೂ ಆಗಿತ್ತು. 2023ರ ಫೆಬ್ರವರಿ 25, ಬಾಸ್ಟನ್ ರೆಡ್ ಸಾಕ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ನಡುವೆ ಅಭ್ಯಾಸ ಪಂದ್ಯ. ಒಂಬತ್ತನೇ ಇನಿಂಗ್ಸ್‌ನ ಕೊನೆ, ಸ್ಕೋರ್ 6-6, ಬೇಸ್ ತುಂಬಿವೆ, ಇಬ್ಬರು ಔಟ್, ಮೂರು ಬಾಲ್ ಎರಡು ಸ್ಟ್ರೈಕ್. ಬ್ರೇವ್ಸ್‌ನ ಕ್ಯಾಲ್ ಕಾನ್ಲಿ ಬ್ಯಾಟ್ ಮಾಡುತ್ತಿದ್ದ. ಅಂಪೈರ್ ಆಟ ನಿಲ್ಲಿಸಿದಾಗ ಪಿಚರ್‌ದೇ ತಪ್ಪು, ನಾವು ಗೆದ್ದೆವು ಅಂದುಕೊಂಡು ಅವನು ಮೊದಲ ಬೇಸ್ ಕಡೆ ಹೊರಟೇಬಿಟ್ಟ. ಆದರೆ ಬ್ಯಾಟರ್ ಸಮಯಕ್ಕೆ ಸಿದ್ಧನಾಗಲಿಲ್ಲ ಅಂತ ಅಂಪೈರ್ ಸ್ಟ್ರೈಕ್ ಕೊಟ್ಟಿದ್ದರು. ಮೂರನೇ ಸ್ಟ್ರೈಕ್, ಔಟ್, ಪಂದ್ಯ ಸಮ.

ಅಲ್ಲಿ ಹಾಗೆ ಮಾಡಿದರಲ್ಲ, ಇಲ್ಲಿ ನಾನು ಮಾಡಿದರೆ ಏನು ಅಂತ ನೀವು ಕೇಳಬಹುದು. ಅಲ್ಲಿನ ಸಂದರ್ಭ ನೋಡಿ. ಅದು ಅಂಕಕ್ಕೆ ಲೆಕ್ಕ ಇಲ್ಲದ ಪಂದ್ಯ. ನಿಜವಾದ ಋತು ಶುರುವಾಗುವ ಮೊದಲೇ ಆಟಗಾರರಿಗೆ ರೂಢಿ ಆಗಲಿ ಅಂತ ಬೇಕೆಂದೇ ಮೊದಲ ದಿನದಿಂದ ಬಿಗಿಯಾಗಿ ಹಿಡಿದಿದ್ದರು. ಅದಕ್ಕೂ ಮೊದಲು ಕೆಳಗಿನ ಲೀಗ್‌ಗಳಲ್ಲಿ 2015ರಿಂದಲೇ ಗಡಿಯಾರ ಪರೀಕ್ಷೆ ನಡೆದಿತ್ತು. ಗಡಿಯಾರ ಮೈದಾನದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಕಾನ್ಲಿಗೆ ಬೇಜಾರಾಗಿರಬಹುದು, ಆದರೆ ‘ಈಗ ಯಾಕೆ ನೆನಪಾಯ್ತು’ ಅಂತ ಅವನ ಕೋಚ್ ಕೇಳುವಂತಿರಲಿಲ್ಲ. ನಿಮ್ಮ ಹುಡುಗನಿಗೆ ಗಡಿಯಾರ ಕಾಣಲಿಲ್ಲ. ಆರು ಇನಿಂಗ್ಸ್ ಅವನು ಎಷ್ಟು ತೆಗೆದುಕೊಂಡರೂ ಏನೂ ಆಗಿರಲಿಲ್ಲ. ಅವನ ಪಾಲಿಗೆ ಅವತ್ತಿನ ನಿಯಮ ಅಂದರೆ ನೀವು ಆರು ಇನಿಂಗ್ಸ್ ನಡೆಸಿಕೊಟ್ಟ ರೀತಿಯೇ.

ನಮ್ಮ ಜನಕ್ಕೆ ಕ್ರಿಕೆಟ್‌ನಿಂದ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿ. 2023ರ ನವೆಂಬರ್ 6, ದೆಹಲಿಯಲ್ಲಿ ವಿಶ್ವಕಪ್ ಪಂದ್ಯ. ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೆಲ್ಮೆಟ್ ಪಟ್ಟಿ ಕಿತ್ತುಹೋಗಿ ನಿಂತಿದ್ದಾಗ ಬಾಂಗ್ಲಾದೇಶದ ನಾಯಕ ಶಕೀಬ್ ಅಪೀಲ್ ಮಾಡಿದರು. ಹಿಂದಿನ ವಿಕೆಟ್ ಬಿದ್ದು ಎರಡು ನಿಮಿಷ ದಾಟಿದೆ ಅಂತ ಅಂಪೈರ್ ‘ಟೈಮ್ಡ್ ಔಟ್’ ಕೊಟ್ಟರು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಅದೇ ಮೊದಲು. ದೊಡ್ಡ ಗಲಾಟೆ ಆಯಿತು, ಪಂದ್ಯ ಮುಗಿದ ಮೇಲೆ ಎರಡು ತಂಡ ಕೈ ಕುಲುಕಲೂ ಇಲ್ಲ. 2024ರ ಜೂನ್ 12, ನ್ಯೂಯಾರ್ಕ್‌ನಲ್ಲಿ ಟಿ20 ವಿಶ್ವಕಪ್. ಭಾರತ ಗೆಲ್ಲಲು 30 ಎಸೆತದಲ್ಲಿ 35 ರನ್ ಬೇಕಿತ್ತು. ಅಮೆರಿಕ ತಂಡ ಎರಡು ಓವರ್‌ಗಳ ನಡುವೆ 60 ಸೆಕೆಂಡ್ ಮೀರಿದ್ದು ಮೂರನೇ ಸಲ ಆದಾಗ ಅಂಪೈರ್ ಐದು ರನ್ ದಂಡ ಹಾಕಿದರು. ಬೇಕಾದ್ದು 30ಕ್ಕೆ ಇಳಿಯಿತು. ಸಣ್ಣ ಗುರಿಯ ಬಿಗಿ ಪಂದ್ಯದಲ್ಲಿ ಐದು ರನ್ ಕಡಿಮೆ ಏನಲ್ಲ. ಆದರೂ ಮ್ಯಾಥ್ಯೂಸ್ ವಿಷಯದಲ್ಲಿ ಆದ ಹಾಗೆ ಯಾರೂ ಜಗಳಕ್ಕೆ ನಿಲ್ಲಲಿಲ್ಲ.

ಎರಡೂ ಸಮಯದ ನಿಯಮ. ಎರಡರಲ್ಲೂ ಅಂಪೈರ್ ಪುಸ್ತಕದ ಪ್ರಕಾರವೇ ನಡೆದರು. ಮ್ಯಾಥ್ಯೂಸ್ ವಿಷಯದಲ್ಲಿ ಅಪೀಲ್ ಬಂದಮೇಲೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಒಂದರಲ್ಲಿ ಮೊದಲ ತಪ್ಪಿಗೇ ವಿಕೆಟ್ ಹೋಯಿತು, ಅದೂ ಅಲ್ಲಿವರೆಗೆ ಆ ಮಟ್ಟದಲ್ಲಿ ಯಾರೂ ಕಂಡಿರದ ನಿಯಮಕ್ಕೆ. ಇನ್ನೊಂದರಲ್ಲಿ ಮೊದಲೆರಡು ತಪ್ಪಿಗೆ ವಾರ್ನಿಂಗ್, ಗಡಿಯಾರ ಎಲ್ಲರಿಗೂ ಕಾಣುತ್ತದೆ, ದಂಡ ಎಷ್ಟು ಅಂತ ಮೊದಲೇ ಗೊತ್ತು. ದಂಡ ತಗೊಂಡ ತಂಡಕ್ಕೇ ಅದು ಯಾಕೆ ಬಂತು ಅಂತ ಗೊತ್ತಿತ್ತು. ನನ್ನ ಮಟ್ಟಿಗೆ ಸಮಯದ ನಿಯಮ ಜಾರಿ ಮಾಡುವ ಎಲ್ಲ ಅಂಪೈರ್‌ಗಳಿಗೂ ಆ ನ್ಯೂಯಾರ್ಕ್ ಪಂದ್ಯವೇ ಮಾದರಿ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ತೆಗೆದುಬಿಡುತ್ತೇನೆ. ಗಡಿಯಾರ ಬಂದಮೇಲೆ ಅಂಪೈರ್ ಬುದ್ಧಿ ಉಪಯೋಗಿಸುವ ಹಾಗಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಮೇಜರ್ ಲೀಗ್‌ನಲ್ಲೂ ಹಾಗಿಲ್ಲ. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಈಗ ತಾನೇ ಬೇಸ್ ಮೇಲೆ ಓಡಿ ಬಂದಿದ್ದರೆ, ಬ್ಯಾಟರ್ ತಲೆ ಹತ್ತಿರ ಚೆಂಡು ಬಂದು ಬಿದ್ದಿದ್ದರೆ, ಸಲಕರಣೆ ಕೈಕೊಟ್ಟರೆ ಅಂಪೈರ್ ಜಾಸ್ತಿ ಹೊತ್ತು ಕೊಡಬಹುದು. ಬುದ್ಧಿ ಉಪಯೋಗಿಸದಿದ್ದರೆ ಏನಾಗುತ್ತದೆ ಅಂತಲೂ ಅಲ್ಲೇ ಕಂಡಿದೆ. 2023ರ ಏಪ್ರಿಲ್‌ನಲ್ಲಿ ಕೋಡಿ ಬೆಲಿಂಜರ್ ಅನ್ನೋ ಬ್ಯಾಟರ್ ತನ್ನ ಹಳೇ ತಂಡದ ಊರಾದ ಲಾಸ್ ಏಂಜಲೀಸ್‌ಗೆ ಎದುರಾಳಿಯಾಗಿ ಬಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಹೆಲ್ಮೆಟ್ ತೆಗೆದು ನಮಸ್ಕರಿಸುವಷ್ಟರಲ್ಲಿ ಗಡಿಯಾರ ಮುಗಿಯಿತು, ಸ್ಟ್ರೈಕ್ ಬಿತ್ತು. ಅದರಿಂದ ಯಾರ ಹೊತ್ತು ಉಳಿಯಿತು? ಆಟ ಬೇಗ ನಡೆಯಲಿ ಅಂತ ಮಾಡಿದ ನಿಯಮ ಅದು. ಚಪ್ಪಾಳೆ ತಟ್ಟುತ್ತಿದ್ದ ಜನಕ್ಕಾಗಿಯೇ ಮಾಡಿದ ನಿಯಮ ಕೂಡ.

ಈಗ ನಮ್ಮ ಮೈದಾನಕ್ಕೆ ಬರೋಣ. ಇದರ ಬಗ್ಗೆ ಹೇಳಲು ನನಗೆ ಜಾಸ್ತಿ ಇದೆ. ಬೆಂಗಳೂರಿನಲ್ಲಿ ಮಕ್ಕಳ ಬೇಸ್‌ಬಾಲ್ ಪಂದ್ಯ ಎಳೆದಾಡುವುದಕ್ಕೆ ಪಿಚರ್ ಮುಖ್ಯ ಕಾರಣ ಅಲ್ಲವೇ ಅಲ್ಲ. ಮುಂದಿನ ಸಲ ಸ್ಟಾಪ್‌ವಾಚ್ ಹಿಡಿದು ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಬರೆದುಕೊಳ್ಳಿ. ಮೊದಲನೆಯದು ಕ್ಯಾಚರ್. ಎಷ್ಟೋ ಶಾಲೆಗಳಲ್ಲಿ ಕ್ಯಾಚರ್ ಕಿಟ್ ಒಂದೇ. ಮೂರನೇ ಔಟ್ ಆದಾಗ ಆ ಹುಡುಗ ಎರಡನೇ ಬೇಸ್‌ನಲ್ಲಿ ನಿಂತಿರುತ್ತಾನೆ. ಓಡಿ ಬಂದು, ನೀರು ಕುಡಿದು, ಕಾಲಿಗೆ ಗಾರ್ಡ್ ಕಟ್ಟಿ, ಎದೆಗೆ ಪ್ಯಾಡ್ ಹಾಕಿ, ಮಾಸ್ಕ್ ಹುಡುಕುವಷ್ಟರಲ್ಲಿ ಮೂರು ನಾಲ್ಕು ನಿಮಿಷ. ಎರಡನೆಯದು ಚೆಂಡು. ಆಯೋಜಕರು ಕೊಟ್ಟಿರುವುದು ನಾಲ್ಕೋ ಐದೋ. ಫೌಲ್ ಆಗಿ ಗೆರೆ ಆಚೆ ಹೋದ ಚೆಂಡು ಕಾಂಪೌಂಡ್ ದಾಟಿ ಪಕ್ಕದ ಮನೆ ತೋಟಕ್ಕೆ ಹೋಯಿತೋ, ಮೋರಿಗೆ ಬಿತ್ತೋ, ಎಲ್ಲರೂ ಕಾಯಬೇಕು. ಮೂರನೆಯದು ಪಕ್ಕದ ಆಟ. ಒಂದೇ ಮೈದಾನದಲ್ಲಿ ಮೂರು ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿರುತ್ತದೆ, ಅವರ ಚೆಂಡು ನಮ್ಮ ಔಟ್‌ಫೀಲ್ಡ್‌ಗೆ ಉರುಳಿ ಬರುತ್ತದೆ, ಹಿಂದೆಯೇ ಒಬ್ಬ ಓಡಿ ಬರುತ್ತಾನೆ. ಆಮೇಲೆ ಕೋಚ್‌ಗಳು. ಪ್ರತಿ ಎಸೆತಕ್ಕೂ ಪಿಚರ್ ಬೆಂಚ್ ಕಡೆ ನೋಡಬೇಕು, ಕೋಚ್ ಕೈಸನ್ನೆ ಮಾಡಬೇಕು, ಅದು ಅರ್ಥವಾಗದೆ ಇನ್ನೊಂದು ಸಲ ಮಾಡಬೇಕು.

ಇಷ್ಟೆಲ್ಲದರಲ್ಲಿ ನಾವು ದಂಡ ಹಾಕುವುದು ಯಾರಿಗೆ? ದಿಬ್ಬದ ಮೇಲೆ ಒಂಟಿಯಾಗಿ ನಿಂತ ಹುಡುಗನಿಗೆ. ಅವನ ತಡವನ್ನು ಅಳೆಯೋದು ಸುಲಭ ಅನ್ನೋ ಕಾರಣಕ್ಕೆ.

ಆ ಹುಡುಗ ತಡ ಮಾಡುವುದಕ್ಕೂ ಕಾರಣ ಇರುತ್ತದೆ. ಆರನೇ ಏಳನೇ ಇನಿಂಗ್ಸ್‌ನಲ್ಲಿ ಪಿಚರ್ ನಿಧಾನ ಆದರೆ ನಾನು ಮೊದಲು ನೋಡುವುದು ಅವನ ಭುಜ ಮತ್ತು ಉಸಿರು. ಕೈ ಸೋತವನು ಎಸೆತಗಳ ನಡುವೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾನೆ. ಮೊಣಕೈ ಕೆಳಗಿಳಿಯುತ್ತದೆ, ಎಸೆತ ಮೇಲೆ ಮೇಲೆ ಹೋಗುತ್ತದೆ, ಪ್ರತಿ ಸಲ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾನೆ. ಅಂಥವನಿಗೆ ‘ಬೇಗ ಬೇಗ’ ಅಂದರೆ ಅವನು ಬೇಗ ಎಸೆಯುತ್ತಾನೆ, ತಪ್ಪಾಗಿ ಎಸೆಯುತ್ತಾನೆ, ಕೈ ನೋಯಿಸಿಕೊಳ್ಳುತ್ತಾನೆ. ದೊಡ್ಡವರ ಬೇಸ್‌ಬಾಲ್‌ನಲ್ಲೂ ಈ ಚರ್ಚೆ ಮುಗಿದಿಲ್ಲ. 2024ರಲ್ಲಿ ಅಲ್ಲಿನ ಆಟಗಾರರ ಸಂಘ, ಗಡಿಯಾರ ಇನ್ನೂ ಬಿಗಿ ಮಾಡಿದ್ದರಿಂದ ಪಿಚರ್‌ಗಳಿಗೆ ಚೇತರಿಸಿಕೊಳ್ಳಲು ಹೊತ್ತು ಸಿಗುತ್ತಿಲ್ಲ ಅಂತ ದೂರಿತು. ಲೀಗ್ ಅದನ್ನು ಒಪ್ಪಲಿಲ್ಲ. ಮಕ್ಕಳ ವಿಷಯದಲ್ಲಿ ನನಗೆ ಅನುಮಾನ ಇಲ್ಲ. ಅಮೆರಿಕದಲ್ಲಿ 11-12 ವರ್ಷದವರಿಗೆ ದಿನಕ್ಕೆ 85 ಎಸೆತ, 13-14 ವರ್ಷದವರಿಗೆ 95 ಎಸೆತ ಮೀರಬಾರದು ಅಂತ ಮಾರ್ಗಸೂಚಿ ಇದೆ. ನಮ್ಮ ಪಂದ್ಯಾವಳಿಗಳಲ್ಲಿ ಸೆಕೆಂಡ್ ಎಣಿಸುತ್ತೇವೆ, ಎಸೆತ ಎಣಿಸುವುದಿಲ್ಲ. ಎರಡರಲ್ಲಿ ಒಂದನ್ನೇ ಎಣಿಸುವುದಾದರೆ ಎಸೆತ ಎಣಿಸಿ ಅಂತ ನಾನು ಎಲ್ಲ ಆಯೋಜಕರಿಗೂ ಹೇಳುತ್ತೇನೆ.

ಆದರೆ ಎಲ್ಲ ತಡವೂ ಸುಸ್ತಿನಿಂದ ಬಂದದ್ದಲ್ಲ. ಬೇಕೆಂದೇ ಮಾಡುವ ತಡ ಅಂತ ಒಂದು ಇದೆ, ಅಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನಮ್ಮಲ್ಲಿ ಮೈದಾನ ಸಿಗುವುದು ಗಂಟೆ ಲೆಕ್ಕದಲ್ಲಿ. ಅದಕ್ಕೇ ‘ಒಂದೂವರೆ ಗಂಟೆ ಆದಮೇಲೆ ಹೊಸ ಇನಿಂಗ್ಸ್ ಇಲ್ಲ’ ಅನ್ನೋ ಥರದ ನಿಯಮ ಹಾಕಿರುತ್ತಾರೆ. ಮುಂದಿರುವ ತಂಡಕ್ಕೆ ಆಸೆ ಹುಟ್ಟುವುದು ಆಗಲೇ. ಇನ್ನು ಆರು ನಿಮಿಷ ಎಳೆದರೆ ಎದುರಾಳಿಗೆ ಇನ್ನೊಂದು ಅವಕಾಶವೇ ಇಲ್ಲ. ಶೂ ಲೇಸ್ ಬಿಚ್ಚುತ್ತದೆ, ಕ್ಯಾಚರ್ ದಿಬ್ಬಕ್ಕೆ ನಡೆದು ಹೋಗಿ ಮಾತಾಡುತ್ತಾನೆ, ಕೋಚ್ ಬಂದು ಯಾವುದೋ ನಿಯಮ ಕೇಳುತ್ತಾರೆ. ಮೇ ತಿಂಗಳಾದರೆ ಸಂಜೆ ಮೋಡ ನೋಡಿಕೊಂಡು ಎಳೆಯುವವರೂ ಇದ್ದಾರೆ. ಇಲ್ಲಿ ಹೋಗುತ್ತಿರುವುದು ಎದುರಾಳಿ ಮಕ್ಕಳ ಆಟ. ಆಟವನ್ನು ಎಳೆಯಲು ಅಥವಾ ಮೊಟಕು ಮಾಡಲು ಎದ್ದು ಕಾಣುವಂಥ ತಂತ್ರ ಮಾಡಿದರೆ ಪಂದ್ಯವನ್ನೇ ಎದುರಾಳಿಗೆ ಕೊಡಬಹುದು ಅಂತ ಬೇಸ್‌ಬಾಲ್ ನಿಯಮ ಪುಸ್ತಕದಲ್ಲೇ ಇದೆ. ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಕಡಿಮೆ. ಆದರೆ ಆ ಅಧಿಕಾರ ನಿಮಗಿದೆ ಅಂತ ಕೋಚ್‌ಗೆ ಗೊತ್ತಿರಲಿ. ಅಂಥ ಹೊತ್ತಿನಲ್ಲಿ ನಾನು ಕೈ ಎತ್ತಿ ಆಟ ನಿಲ್ಲಿಸುತ್ತೇನೆ, ಸ್ಕೋರರ್‌ಗೆ ಹೇಳಿ ಪಂದ್ಯದ ಗಡಿಯಾರವನ್ನೂ ನಿಲ್ಲಿಸುತ್ತೇನೆ. ಎಳೆದರೂ ಲಾಭ ಇಲ್ಲ ಅಂತ ಗೊತ್ತಾದ ಕ್ಷಣ ಶೂ ಲೇಸ್ ತಾನಾಗಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಯಾವುವು?

ಮೊದಲ ಎಸೆತದಿಂದಲೇ ಪುಸ್ತಕದಲ್ಲಿ ಇದ್ದ ಹಾಗೆ ಬಿಗಿ ಹಿಡಿಯೋದು ಒಂದು ದಾರಿ. ಮೈದಾನದಲ್ಲಿ ಎಲ್ಲರಿಗೂ ಕಾಣುವ ಗಡಿಯಾರ ಇದ್ದರೆ ಇದೇ ಉತ್ತಮ. ಆಟಗಾರರು ಕಲಿಯುತ್ತಾರೆ. ಮೇಜರ್ ಲೀಗ್‌ನಲ್ಲೂ ಋತು ಮುಂದುವರಿದ ಹಾಗೆ ತಪ್ಪು ಕಡಿಮೆ ಆಗುತ್ತಾ ಬಂದವು. ಆದರೆ ಗಡಿಯಾರ ಬರೀ ಅಂಪೈರ್ ಮುಷ್ಟಿಯಲ್ಲಿದ್ದರೆ ಕಷ್ಟ. ‘20 ಆಗಿರಲಿಲ್ಲ ಸರ್, 18 ಆಗಿತ್ತು’ ಅಂತ ಪ್ರತಿ ಸಲ ವಾದ ಶುರುವಾಗುತ್ತದೆ, ಉಳಿಸಿದ್ದಕ್ಕಿಂತ ಜಾಸ್ತಿ ಹೊತ್ತು ಆ ವಾದದಲ್ಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪ್ಲೇಟ್ ಅಂಪೈರ್ ಕೈಯಲ್ಲಿ ಸ್ಟಾಪ್‌ವಾಚ್ ನೋಡುತ್ತಾ ನಿಂತರೆ ಎಸೆತ ನೋಡುವವರು ಯಾರು? ನಿಮ್ಮ ಕಣ್ಣು ಪಿಚರ್ ಕೈ ಮೇಲೆ ಇರಬೇಕು. ಬೇಸ್‌ನಲ್ಲಿ ರನ್ನರ್ ಇದ್ದಾಗಲಂತೂ ಕೈ ಗಡಿಯಾರಕ್ಕೆ ಕಣ್ಣು ಹೋಗಲೇಬಾರದು.

ನಿಮ್ಮ ಹಿರಿಯರು ಹೇಳಿದ ಹಾಗೆ ಪೂರ್ತಿ ಬಿಟ್ಟುಬಿಡೋದು ಇನ್ನೊಂದು. ಇದು ದಯೆ ಅಂತ ಕಾಣುತ್ತದೆ. ಆದರೆ ನಿಮ್ಮ ಪಂದ್ಯ ಅರ್ಧ ಗಂಟೆ ತಡವಾದರೆ ಮಧ್ಯಾಹ್ನ ಮೂರಕ್ಕೆ ಆಡಬೇಕಾದ ಮಕ್ಕಳು ಬಿಸಿಲಲ್ಲಿ ಕಾಯುತ್ತಾರೆ, ಸಂಜೆಯ ಕೊನೆ ಪಂದ್ಯ ಮಂದ ಬೆಳಕಿನಲ್ಲಿ ನಡೆಯುತ್ತದೆ. ಮಂದ ಬೆಳಕಿನಲ್ಲಿ ಗಟ್ಟಿ ಚೆಂಡು ಎದುರಿಸೋದು ಎಷ್ಟು ಅಪಾಯ ಅಂತ ನಿಮಗೆ ಹೇಳಬೇಕಿಲ್ಲ. ಔಟ್‌ಫೀಲ್ಡ್‌ನಲ್ಲಿ ನಿಂತ ಮಕ್ಕಳ ಗಮನ ತಪ್ಪುತ್ತದೆ, ಕ್ಯಾಚರ್ ಮಂಡಿ ಮೇಲೆ ಕೂತೇ ಇರುತ್ತಾನೆ. ಜೊತೆಗೆ, ನಿಯಮ ಪಾಲಿಸಿ ಬೇಗ ಎಸೆದ ತಂಡಕ್ಕೆ ಅನ್ಯಾಯ. ಅವರು ಅವಸರದಲ್ಲಿ ಎಸೆದರು, ಎದುರಾಳಿ ಆರಾಮಾಗಿ ಎಸೆದ.

ನಾನು ಹಿಡಿದಿರುವ ದಾರಿ ಇವೆರಡರ ನಡುವಿನದು. ಗಡಿಯಾರ ಇಲ್ಲದ ಮಕ್ಕಳ ಪಂದ್ಯದಲ್ಲಿ ಪ್ರತಿ ತಂಡಕ್ಕೆ ಒಂದೇ ಒಂದು ವಾರ್ನಿಂಗ್. ಆಮೇಲೆ ದಂಡ, ಅದು ಎರಡನೇ ಇನಿಂಗ್ಸ್ ಆದರೂ ಸರಿ, ಕೊನೆಯ ಎಸೆತ ಆದರೂ ಸರಿ. ವಾರ್ನಿಂಗ್ ಅಂದರೆ ಕಿವಿಯಲ್ಲಿ ಹೇಳುವುದಲ್ಲ. ನೀವು ‘ಬೇಗ ಬೇಗ’ ಅಂದಿದ್ದು ಮಾತು, ವಾರ್ನಿಂಗ್ ಅಲ್ಲ. ನಾನು ‘ಟೈಮ್’ ಅಂತ ಕೈ ಎತ್ತುತ್ತೇನೆ, ಮಾಸ್ಕ್ ತೆಗೆಯುತ್ತೇನೆ, ಎರಡೂ ಬೆಂಚ್‌ಗೆ ಕೇಳುವ ಹಾಗೆ ‘ಇದು ವಾರ್ನಿಂಗ್, ಮುಂದಿನದು ಬಾಲ್’ ಅನ್ನುತ್ತೇನೆ, ಸ್ಕೋರರ್ ಕಡೆ ತಿರುಗಿ ಬರೆದುಕೊಳ್ಳಿ ಅನ್ನುತ್ತೇನೆ. ಹುಡುಗನ ಹತ್ತಿರ ಹೋಗಿ ಮೆಲ್ಲಗೆ ಒಂದು ಮಾತು. ‘ಏನಿಲ್ಲ ಕಣೋ ಮರಿ, ಚೆಂಡು ಸಿಕ್ಕ ತಕ್ಷಣ ರಬ್ಬರ್ ಮೇಲೆ ನಿಂತುಕೋ, ಅಷ್ಟೇ.’ (ರಬ್ಬರ್ ಅಂದರೆ ದಿಬ್ಬದ ಮೇಲೆ ಪಿಚರ್ ಕಾಲಿಡುವ ಪಟ್ಟಿ.) ಬಹುಪಾಲು ಪಂದ್ಯದಲ್ಲಿ ಎರಡನೇ ಸಲ ಹೇಳುವ ಪ್ರಸಂಗವೇ ಬರುವುದಿಲ್ಲ.

ಇದರಲ್ಲೂ ತೊಂದರೆ ಇದೆ. ಜಾಣ ಕೋಚ್ ಆದರೆ ಆ ಒಂದು ವಾರ್ನಿಂಗ್ ಅನ್ನು ಉಚಿತ ಕೂಪನ್ ಥರ ಇಟ್ಟುಕೊಳ್ಳುತ್ತಾರೆ. ಬೇಕಾದ ಹೊತ್ತಿಗೆ ಒಂದು ಸಲ ಎಳೆದುಬಿಡುತ್ತಾರೆ. ಅದಕ್ಕೇ ನಾನು ವಾರ್ನಿಂಗ್ ಅನ್ನು ಮೊದಲ ಎರಡು ಇನಿಂಗ್ಸ್‌ನಲ್ಲೇ ಖರ್ಚು ಮಾಡಿಸಲು ನೋಡುತ್ತೇನೆ. ಆಗ ಯಾವ ಪಿಚರ್ 22 ಸೆಕೆಂಡ್ ತೆಗೆದುಕೊಂಡರೂ ಬಿಡುವುದಿಲ್ಲ. ಅಲ್ಲಿ ಬಿಗಿಯಾದರೆ ಯಾರಿಗೂ ನೋವಾಗುವುದಿಲ್ಲ, ಏಳನೇ ಇನಿಂಗ್ಸ್‌ಗೆ ಎಲ್ಲರಿಗೂ ಲೆಕ್ಕ ಗೊತ್ತಿರುತ್ತದೆ.

ಒಂದು ತಾಂತ್ರಿಕ ವಿಷಯ. ಎಣಿಕೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ನಿಮ್ಮ ಆಯೋಜಕರ ಪುಸ್ತಕದಲ್ಲಿ ಸರಿಯಾಗಿ ನೋಡಿಕೊಳ್ಳಿ. ಹಳೆಯ 12 ಸೆಕೆಂಡಿನ ನಿಯಮದಲ್ಲಿ ಬ್ಯಾಟರ್ ಬಾಕ್ಸ್‌ನಲ್ಲಿ ಸಿದ್ಧವಾಗಿ ನಿಂತ ಮೇಲೆಯೇ ಎಣಿಕೆ ಶುರು, ಚೆಂಡು ಕೈಬಿಟ್ಟಾಗ ಮುಗಿಯಿತು. ಮೇಜರ್ ಲೀಗ್ ಗಡಿಯಾರದಲ್ಲಿ ಪಿಚರ್ ಎಸೆತದ ಚಲನೆ ಶುರು ಮಾಡಿದರೆ ಸಾಕು. ನಿಮ್ಮ ಆಯೋಜಕರದ್ದೂ ‘ಶುರು ಮಾಡಬೇಕು’ ಅಂತಲೇ ಇದೆ ಅಂತ ಬರೆದಿದ್ದೀರಿ. ಈ ಎರಡನ್ನು ಕಲಸಿಕೊಂಡು, ಚೆಂಡು ಪ್ಲೇಟ್ ತಲುಪುವವರೆಗೆ ಎಣಿಸುವ ಅಂಪೈರ್‌ಗಳನ್ನು ನೋಡಿದ್ದೇನೆ. ಇನ್ನೊಂದು, ಬ್ಯಾಟರ್ ಹೊರಗೆ ನಿಂತು ಗ್ಲೌಸ್ ಕಟ್ಟಿಕೊಳ್ಳುತ್ತಿದ್ದಾಗ ಪಿಚರ್ ಮೇಲೆ ಎಣಿಸುವುದು ಶುದ್ಧ ಅನ್ಯಾಯ.

ಪಂದ್ಯಕ್ಕೆ ಮೊದಲು ಪ್ಲೇಟ್ ಹತ್ತಿರ ಎರಡೂ ಕೋಚ್‌ಗಳ ಜೊತೆ ನಿಲ್ಲುತ್ತೀರಲ್ಲ, ಆಗ ಎರಡು ನಿಮಿಷ ಇದಕ್ಕೆ ಕೊಡಿ. 20 ಸೆಕೆಂಡ್ ಯಾವಾಗ ಶುರು, ವಾರ್ನಿಂಗ್ ಎಷ್ಟು, ಇನಿಂಗ್ಸ್ ಬದಲಾವಣೆಗೆ ಎಷ್ಟು ನಿಮಿಷ, ಎಷ್ಟು ವಾರ್ಮ್‌ಅಪ್ ಎಸೆತ. ಇಬ್ಬರು ಔಟ್ ಆದಾಗ ಬೇಸ್ ಮೇಲಿರುವ ಕ್ಯಾಚರ್ ಬದಲು ಬೇರೆ ಹುಡುಗ ಓಡಬಹುದು ಅಂತ ಆಯೋಜಕರಿಂದ ಒಪ್ಪಿಗೆ ತಗೊಳ್ಳಿ. ಬೇರೆ ಕಡೆ ಮಕ್ಕಳ ಪಂದ್ಯಗಳಲ್ಲಿ ಈ ರೂಢಿ ಇದೆ. ಅಷ್ಟರಲ್ಲಿ ಕ್ಯಾಚರ್ ಕಿಟ್ ಹಾಕಿಕೊಂಡು ಸಿದ್ಧ. ಈ ಒಂದೇ ಬದಲಾವಣೆಯಿಂದ ಉಳಿಯುವ ಹೊತ್ತು, ಪಂದ್ಯವಿಡೀ ಪಿಚರ್ ಮೇಲೆ ಸ್ಟಾಪ್‌ವಾಚ್ ಹಿಡಿದರೂ ಉಳಿಯಲ್ಲ. ಫೌಲ್ ಚೆಂಡು ತರಲು ಕಾಂಪೌಂಡ್ ಹತ್ತಿರ ಇಬ್ಬರು ಹುಡುಗರನ್ನು ನಿಲ್ಲಿಸಿ. 12 ವರ್ಷದೊಳಗಿನವರ ಪಂದ್ಯವಾದರೆ ಪಿಚರ್‌ಗೆ ಸೆಕೆಂಡಿನ ನಿಯಮವೇ ಬೇಡ ಅಂತ ನನ್ನ ಅನಿಸಿಕೆ. ಆ ವಯಸ್ಸಿನಲ್ಲಿ ಸ್ಟ್ರೈಕ್ ಎಸೆಯೋದೇ ದೊಡ್ಡ ಕೆಲಸ.

ಈಗ ನಿಮ್ಮ ಆ ಏಳನೇ ಇನಿಂಗ್ಸ್. ವಾರ್ನಿಂಗ್ ಕೊಡದೆ ಅಲ್ಲಿವರೆಗೆ ಬಂದುಬಿಟ್ಟಿದ್ದರೆ, ಹುಡುಗ ಬೇಕೆಂದೇ ಎಳೆಯುತ್ತಿಲ್ಲ ಅಂತ ಕಂಡರೆ, 20 ದಾಟಿದಾಗ ನಾನಾಗಿದ್ದರೆ ಬಾಲ್ ಕೊಡುತ್ತಿರಲಿಲ್ಲ. ‘ಟೈಮ್’ ಅಂತ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ವಾರ್ನಿಂಗ್ ಕೊಡುತ್ತಿದ್ದೆ. ಮುಂದಿನ ಸಲ ಅದೇ ಹುಡುಗ ತಡ ಮಾಡಿದರೆ, ಅದೇ ಬೇಸ್ ತುಂಬಿದ್ದರೂ, ಕಣ್ಣು ಮುಚ್ಚಿ ಬಾಲ್ ಕೊಡುತ್ತಿದ್ದೆ. ಸಮಯ ಮಿತಿ ಹತ್ತಿರ ಬಂದಿತ್ತು, ಅವನು ಬೆಂಚ್ ನೋಡಿಕೊಂಡು ಎಳೆಯುತ್ತಿದ್ದ ಅಂತಾದರೆ ಮಾತು ಬೇರೆ. ಆಗ ನಿಮ್ಮ ತೀರ್ಪಿನ ಪಕ್ಕ ನಾನೂ ನಿಲ್ಲುತ್ತೇನೆ. ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ. ಸಮ ಸ್ಕೋರ್‌ನಲ್ಲಿ ಬೇಸ್ ತುಂಬಿಸಿಕೊಂಡು ನಿಂತ 14ರ ಒಳಗಿನ ಹುಡುಗನಿಗೆ ಎಳೆದು ಸಿಗುವುದು ಏನೂ ಇಲ್ಲ. ಅವನಿಗೆ ಭಯವಾಗಿತ್ತು.

ಹಾಗಂತ ಫಲಿತಾಂಶ ಬದಲಿಸಲು ಹೋಗಬೇಡಿ. ಕೊಟ್ಟ ತೀರ್ಪು ನಿಯಮದೊಳಗೇ ಇತ್ತು. ಅದನ್ನು ಈಗ ಹಿಂದಕ್ಕೆ ತಗೊಂಡರೆ ಗೆದ್ದ ಮಕ್ಕಳಿಗೆ ಅನ್ಯಾಯ ಆಗುತ್ತದೆ. ಆದರೆ ಆ ಕೋಚ್‌ಗೆ ಒಂದು ಫೋನ್ ಮಾಡಿ. ‘ತೀರ್ಪು ಸರಿ ಇತ್ತು ಸರ್, ಆದ್ರೆ ವಾರ್ನಿಂಗ್ ಮೊದಲೇ ಕೊಡಬೇಕಿತ್ತು, ನಿಮ್ಮ ಪ್ರಶ್ನೆ ನ್ಯಾಯವೇ’ ಅಂತ ಹೇಳಿ. ಆ ಹುಡುಗನಿಗೂ ಅವರ ಮೂಲಕ ಹೇಳಿಸಿ, ಪಂದ್ಯ ಸೋತಿದ್ದು ಅವನಿಂದ ಅಲ್ಲ ಅಂತ. ಮುಂದಿನ ಪಂದ್ಯಾವಳಿಗೆ ಆಯೋಜಕರ ಸಭೆ ಕರೆದಾಗ ಮೂರು ವಿಷಯ ಬರೆಸಿಕೊಳ್ಳಿ. ಪ್ರತಿ ತಂಡಕ್ಕೆ ಒಂದು ವಾರ್ನಿಂಗ್, ಕ್ಯಾಚರ್ ಬದಲು ಓಡುವ ಹುಡುಗ, ಸ್ಕೋರರ್ ಮೇಜಿನ ಮೇಲೆ ಎಣಿಕೆ ಕಾಣುವ ಒಂದು ಹಳೇ ಟ್ಯಾಬ್ಲೆಟ್ ಮತ್ತು ಅದನ್ನು ನೋಡಿಕೊಳ್ಳಲು ಒಬ್ಬ ದೊಡ್ಡ ಹುಡುಗ. 20 ಮುಗಿದಾಗ ಅವನು ಗಂಟೆ ಬಾರಿಸಲಿ. ಸ್ಟಾಪ್‌ವಾಚ್ ನಿಮ್ಮ ಕೈಯಿಂದ ಹೋಗಲಿ, ನೀವು ಚೆಂಡು ನೋಡಿ.